ಬಾಣಂತಿ ಖೋಲಿಯ ಒಲೆ

ಕೋಮಲಳ ಫೋನು ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬರುತ್ತಿತ್ತು. ಅಷ್ಟರಲ್ಲಿ ಸಾವಂತ್ರವ್ವ ರೊಟ್ಟಿ ಬಡಿದು ಮುಗಿಸಿ, ಕೈಗೆ ಅಂಟಿದ ಹಿಟ್ಟು ತೊಳೆದುಕೊಂಡು, ಪಡಸಾಲೆಯ ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದಳು. ಮಗಳು ಹಲೋ ಅನ್ನುವುದರೊಳಗೆ ಇವಳ ಪ್ರಶ್ನೆ ತಯಾರಿರುತ್ತಿತ್ತು.

"ಪ್ರಜ್ಞಾ ಏನ್ ತಿಂದ್ಳವಾ?"

"ಹಾಲಾಗ ರೊಟ್ಟಿ ಮುರದ ಹಾಕಿದ್ದೆ. ಅರ್ಧಾ ಬಿಟ್ಳು."

"ಸಕ್ರಿ ಹಾಕಬ್ಯಾಡ, ಬೆಲ್ಲಾ ಹಾಕು. ಅಕಿಗಿ ಬೆಲ್ಲಾ ಸೇರ್ತೈತಿ."

ಮೊಮ್ಮಗಳಿಗೆ ಬೆಲ್ಲ ಸೇರುತ್ತದೆಂಬುದನ್ನೂ ಸಾವಂತ್ರವ್ವ ಫೋನಿನಲ್ಲಿ ಕೇಳಿಯೇ ತಿಳಿದಿದ್ದಳು. ಪ್ರಜ್ಞಾಳಿಗೆ ನಾಲ್ಕು ತುಂಬುತ್ತ ಬಂದಿತ್ತು. ಹುಟ್ಟಿದ ಹದಿನೆಂಟನೆಯ ದಿನ ಇಂಡಿಯ ಈ ಮನೆಯಿಂದ ಹೊರಬಿದ್ದ ಕೂಸು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

ಆ ದಿನದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಜನವರಿಯ ಥಂಡಿ. ಬಾಣಂತಿಯ ಮಂಚದ ಕೆಳಗೆ ಸಾವಂತ್ರವ್ವ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಇಟ್ಟಿದ್ದಳು. ಅವಳ ತಾಯಿಯೂ ಹಾಗೇ ಇಟ್ಟಿದ್ದಳು. ಗಾಳಿ ಬರಬಾರದೆಂದು ಕಿಟಕಿಯ ಸಂದಿಗೆ ಗೋಣಿತಟ್ಟು ತುರುಕಿದ್ದಳು. ಬೆಳಿಗ್ಗೆ ಬಾಗಿಲು ತೆರೆದಾಗ ಎಷ್ಟು ಕೂಗಿದರೂ ಕೋಮಲ ಕಣ್ಣು ಬಿಡಲಿಲ್ಲ. ಎತ್ತಿಕೊಂಡರೆ ಕೂಸಿನ ಕೈಕಾಲು ಜೋತುಬಿದ್ದವು. ಸಾವಂತ್ರವ್ವನ ಗಂಡ ಗುರಪ್ಪ ಇಬ್ಬರನ್ನೂ ಅಂಗಳಕ್ಕೆ ಹೊತ್ತು ತಂದ. ದವಾಖಾನೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಉಳಿಸಿದರು. ಐದನೆಯ ದಿನ ಕೋಮಲಳ ಅತ್ತೆ ಶೆಟ್ಟೆವ್ವ ಮುದ್ದೇಬಿಹಾಳದಿಂದ ಜೀಪು ಮಾಡಿಕೊಂಡು ಬಂದು, ದವಾಖಾನೆಯಿಂದಲೇ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಾವಂತ್ರವ್ವನಿಗೆ ಎಷ್ಟೋ ಸಲ ಅನಿಸಿತ್ತು.

ಆಮೇಲೆ ವರ್ಷಕ್ಕೆ ಮೂರು ಸಲ ಇವಳೇ ಹೋಗುತ್ತಿದ್ದಳು. ಚಾಪೆ ಹಾಸಿ, ಚಹಾ ಕೊಟ್ಟು, ಉಣ್ಣಿಸಿ ಕಳಿಸುತ್ತಿದ್ದರು. ಪ್ರಜ್ಞಾ ಅವಳನ್ನು 'ಇಂಡಿ ಆಯಿ' ಎನ್ನುತ್ತಿತ್ತು. ಶೆಟ್ಟೆವ್ವನನ್ನು ಬರೀ 'ಅಮ್ಮ' ಎನ್ನುತ್ತಿತ್ತು.

ದೀಪಾವಳಿ ಮುಗಿದ ವಾರ ಕೋಮಲ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು. ಅವಳು ಮತ್ತೆ ಬಸುರಿ, ಎಂಟನೆಯ ತಿಂಗಳು ನಡೆದಿತ್ತು.

"ಅವ್ವಾ, ಈ ಸಲ ಬಾಣಂತನಕ್ಕ ಅಲ್ಲೇ ಬರಬೇಕನಸ್ತೈತಿ. ಇವರಿಗೂ ಹೇಳೇನಿ. ಅತ್ತಿ ಒಂದ ಮಾತ ಅಂದಾರ, ಕೆಂಡಾ ಇಡೂ ಮನಿಗಿ ಕಳಸೂದಿಲ್ಲಂತ."

"ಕೆಂಡಾ ಇಡೂದಿಲ್ಲಂತ ಹೇಳು."

"ಮತ್ತ ಥಂಡ್ಯಾಗ ಕೂಸಿನ್ನ ಹೆಂಗ ಇಡ್ತಾರಂತ ಕೇಳಾಕತ್ತಾರ."

 ಬೆಂಕಿಯಿಲ್ಲದ ಬಾಣಂತಿ ಕೋಣೆಯನ್ನು ಸಾವಂತ್ರವ್ವ ಕಂಡೇ ಇರಲಿಲ್ಲ.

ಅಂದು ಊಟಕ್ಕೆ ಕೂತಾಗ ಮಾತು ಬಂತು. ಸೊಸೆ ಭಾಗ್ಯಜ್ಯೋತಿ ಆಶಾ ಕಾರ್ಯಕರ್ತೆ. ಮದುವೆಯಾಗಿ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಓಣಿಯ ಬಾಣಂತಿಯರನ್ನೆಲ್ಲ ನೋಡಿಕೊಳ್ಳುವುದೇ ಅವಳ ಕೆಲಸ.

"ತಾಯಿ ಎದಿಗೆ ಕೂಸಿನ್ನ ಹಚ್ಚಿ, ಮ್ಯಾಲೆ ಬಟ್ಟಿ ಸುತ್ತಿದ್ರ ಸಾಕ್ರಿ ಅತ್ತಿ. ಟೊಪಗಿ, ಕಾಲಚೀಲಾ ಹಾಕೂದು. ಕೆಂಡಾ ಬೇಕಾಗಿಲ್ಲ."

"ನಮ್ಮ ಖೋಲಿ ನೋಡೀಯಲ್ಲ, ಕಲ್ಲಿನ ಗ್ವಾಡಿ. ಡಿಸೆಂಬರದಾಗ ಐಸ ಆಗ್ತಾವ. ಟೊಪಗಿ ಹಾಕಿ ಕೂಡಸ್ತಾಳಂತ."

"ಕರೆಂಟಿನ ಹೀಟರ ತರೂಣು," ಎಂದ ಮಗ ಪ್ರೇಮಕುಮಾರ. ಅವನು ಬಾಡಿಗೆಗೆ ಗೂಡ್ಸ್ ಗಾಡಿ ಓಡಿಸುತ್ತಿದ್ದ.

"ಮಿಕ್ಸರ ಹಚ್ಚಿದ್ರ ಫ್ಯೂಸ ಹೋಗ್ತೈತಿ ಈ ಮನ್ಯಾಗ," ಎಂದಳು ಸಾವಂತ್ರವ್ವ. "ಬೀಗತಿ ಮುಂದ ಮತ್ತೊಮ್ಮಿ ತಲಿ ತಗ್ಗಸಾಕ ನನ್ನ ಕಡೆ ಆಗೂದಿಲ್ಲ."

ಗುರಪ್ಪ ಉಂಡು ಎದ್ದ. ಅವನು ದರ್ಜಿ. ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಮೂರು ದಿನ ಬಿಟ್ಟು, ಪ್ಯಾಂಟು ಒಯ್ಯಲು ಬಂದ ಗಿರಾಕಿಯೊಬ್ಬನಿಂದ ಕೇಳಿದ ಸುದ್ದಿ ಹೇಳಿದ. ಚಡಚಣದ ಕಡೆ ಶಮಶುದ್ದೀನ ಎಂಬವನು ಕೋಳಿ ಫಾರಂ ಮುಚ್ಚಿದ್ದಾನೆ. ಮರಿಗಳನ್ನು ಬೆಚ್ಚಗಿಡಲು ತಂದ ಪೆಲೆಟ್ ಒಲೆಯೊಂದು ಮಾರಾಟಕ್ಕಿದೆ. ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಬಿಸಿ ಮಾತ್ರ ಒಳಗೆ ಉಳಿಯುತ್ತದೆ.

"ಕೋಳಿ ಮರಿ ಒಲಿ ನನ್ನ ಮಗಳಿಗಿ?"

"ಮರಿ ಅಂದ್ರ ಮರಿನ. ಒಂದಿನದ ಮರೀನ್ನ ಉಳಸಿದ ಒಲಿ ಅದು," ಎಂದ ಗುರಪ್ಪ.

ಮರುದಿನ ತಂದೆ ಮಗ ಗಾಡಿ ತಗೊಂಡು ಹೋದರು. ಶಮಶುದ್ದೀನನ ಖಾಲಿ ಶೆಡ್ಡಿನ ಮೂಲೆಯಲ್ಲಿ ಎದೆಮಟ್ಟದ ಕಬ್ಬಿಣದ ಪೆಟ್ಟಿಗೆ ನಿಂತಿತ್ತು. ಮುಂದೆ ಗಾಜಿನ ಬಾಗಿಲು, ಹಿಂದೆ ಕೊಳವೆ. ಮೇಲಿನ ಡಬ್ಬಿಯಲ್ಲಿ ಇನ್ನೂ ನಾಲ್ಕು ಹಿಡಿ ಪೆಲೆಟ್ ಉಳಿದಿದ್ದವು: ತೊಗರಿ ಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡಿದ, ಬೆರಳ ಗೆಣ್ಣಿನಷ್ಟು ಉದ್ದದ ತುಂಡುಗಳು.

"ಇದರಾಗ ಹಾಕಿದ್ರ ತಳದಾಗಿನ ಸ್ಕ್ರೂ ತಿರಗಿ ಒಂದೊಂದ ಒಳಗಿನ ಉರಿ ಬಟ್ಟಲಕ್ಕ ಬೀಳಸ್ತೈತ್ರಿ," ಎಂದು ಶಮಶುದ್ದೀನ ತೋರಿಸಿದ. "ಫ್ಯಾನ್ ಗಾಳಿ ಊದ್ತೈತಿ. ಆದ್ರ ಇದಕ ದಿನಾ ಚಾಕರಿ ಮಾಡಬೇಕು. ಮುಂಜಾನೆ ಬಟ್ಟಲ ಕೆರದು ತೂತ ಬಿಡಸಬೇಕು, ಬೂದಿ ತಗೀಬೇಕು. ವಾರಕ್ಕೊಮ್ಮಿ ಪೈಪಿಗೆ ಬ್ರಶ್ ಹಾಕಬೇಕು. ಪೆಲೆಟ್ ಹಸಿ ಆದ್ವು ಅಂದ್ರ ಹಿಟ್ಟಾಗಿ ಸ್ಕ್ರೂ ಹಿಡೀತೈತಿ."

"ಮಷೀನ ಅಂದಮ್ಯಾಲೆ ಹಂಗ ಅಲ್ರಿ," ಎಂದ ಗುರಪ್ಪ. ಬಾಗಿಲ ಅಂಚಿನ ಸುತ್ತ ಬೆರಳು ಆಡಿಸಿ ನೋಡಿದ. ಅಲ್ಲಿ ಗಾಳಿ ತಡೆಯಲು ಹಚ್ಚಿದ್ದ ಹಗ್ಗ ಸುಟ್ಟು ಪುಡಿಯಾಗಿತ್ತು.

"ಅದನ್ನ ಹೊಸಾದ ಹಾಕಸ್ರಿ, ಬಿಡಬ್ಯಾಡ್ರಿ. ಯಾತಕ್ಕ ಬೇಕಾಗಿತ್ರಿ ನಿಮಗ, ಫಾರಮಕ್ಕ?"

"ಮಗಳ ಬಾಣಂತನಕ್ಕ."

ಶಮಶುದ್ದೀನ ಹೇಳಿದ್ದ ಆರು ಸಾವಿರದಲ್ಲಿ ಒಂದು ಸಾವಿರ ತಾನಾಗಿಯೇ ಬಿಟ್ಟ. ಎರಡು ಚೀಲ ಪೆಲೆಟನ್ನೂ ಗಾಡಿಗೆ ಹಾಕಿಸಿದ.

ಒಲೆ ಮನೆಗೆ ಬಂದಾಗ ಓಣಿಯೆಲ್ಲ ಕೋಳಿ ವಾಸನೆ. ಸಾವಂತ್ರವ್ವ ಗೊಣಗುತ್ತಲೇ ಸೀಗೆಪುಡಿ, ಸೋಡಾ ಹಾಕಿ ಎರಡು ದಿನ ತಿಕ್ಕಿದಳು. ಹಿಂದಿನ ಜಾಲರಿಯಿಂದ ಪುಕ್ಕಗಳನ್ನು ಒಂದೊಂದಾಗಿ ಕಿತ್ತಳು. ಪ್ರೇಮಕುಮಾರ ಕೋಣೆಯ ಗೋಡೆಗೆ ತೂತು ಹೊಡೆಸಿ ಕೊಳವೆಯನ್ನು ಹೊರಗೆ ಮಾಳಿಗೆಯ ಮೇಲಿನ ತನಕ ಏರಿಸಿದ. ಬಾಗಿಲಿಗೆ ಬೇಕಾದ ಬೆಂಕಿ ತಾಳುವ ಹಗ್ಗ ಇಂಡಿಯಲ್ಲಿ ಸಿಗಲಿಲ್ಲ; ವಿಜಯಪುರಕ್ಕೆ ಬಾಡಿಗೆ ಹೋಗುವ ತನಕ ಕಾಯಬೇಕಾಯಿತು.

ಆದರೆ ಸಾವಂತ್ರವ್ವನಿಗೆ ಕಾಯುವುದಾಗಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಒಲೆ ಹಚ್ಚಿದಳು. ಬಾಗಿಲ ಸಂದಿಯಿಂದ ಹೊಗೆ ನುಗ್ಗಿ ಬಂತು. ಅವಳು ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದಾಗಲೇ ಭಾಗ್ಯಜ್ಯೋತಿ ಬಂದಳು. ಒಳಗೆ ಹೋಗಿ ಸ್ವಿಚ್ಚು ಆರಿಸಿ, ಕಿಟಕಿ ಬಾಗಿಲು ತೆರೆದು, ಅತ್ತೆಗೆ ನೀರು ಕೊಟ್ಟಳು. 

ಮರುದಿನ ಕೋಮಲ ಫೋನಿನಲ್ಲಿ, "ಒಲಿ ಹೊಗಿ ಕಾರ್ತಂತಲ್ಲವಾ?" ಎಂದಳು.

"ನಿನಗ್ಯಾರ ಹೇಳಿದ್ರು?"

"ನಮ್ಮ ಅತ್ತಿ ಭಾಗ್ಯಜ್ಯೋತಿ ವೈನಿಗೆ ಫೋನ್ ಮಾಡಿದ್ರಂತ."

ಆ ಹೊತ್ತು ಭಾಗ್ಯಜ್ಯೋತಿ ಮಾಡಿದ ರೊಟ್ಟಿಯನ್ನು ಸಾವಂತ್ರವ್ವ ಮುಟ್ಟಲಿಲ್ಲ. ತಾಟನ್ನು ಸರಿಸಿ ಕೂತಳು.

"ಉಣ್ರಿ ಅತ್ತಿ."

"ನನ್ನ ಮಗಳನ್ನ ಈ ಮನಿಗಿ ಬರದ್ಹಂಗ ಮಾಡಾಕ ನೀ ಒಬ್ಬಾಕಿ ಕಡಿಮಿ ಇದ್ದಿ ನೋಡು."

ಗುರಪ್ಪ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ. ಭಾಗ್ಯಜ್ಯೋತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರು ಕೇಳಿದ್ರು. ಸುಳ್ಳ ಹೇಳ್ಲೇನ್ರಿ? ಹಗ್ಗಾ ಹಾಕಿಲ್ಲ, ಹಾಕಿದಮ್ಯಾಲೆ ನೋಡಿ ಹೇಳ್ತೇನಿ ಅಂದೆ. ನಾ ಸುಳ್ಳ ಹೇಳಿ, ನಾಳೆ ಅಕ್ಕಾಗ ಏನರ ಆದ್ರ?"

"ಏನಾಗ್ತೈತಿ? ಏನಾಗ್ತೈತಿ ಹೇಳು. ಬಾಯಿಬಿಟ್ಟ ಹೇಳು. ನಾಕ ವರ್ಸಾತು, ಎಲ್ಲಾರೂ ಬಾಯಿ ಮುಚ್ಚಕೊಂಡ ನನ್ನ ಮಾರಿ ನೋಡ್ತೀರಿ." ಸಾವಂತ್ರವ್ವ ಎರಡೂ ಕೈ ಮುಂದೆ ಚಾಚಿದಳು. "ಈ ಕೈಲೇ ತಟ್ಟ ತುರಕೇನಿ. ಒಂದ ಸಂದಿ ಬಿಟ್ಟಿತ್ತು, ಅದನ್ನೂ ಹುಡಿಕಿ ತುರಕೇನಿ."

ಒಲೆಯ ಮೇಲಿನ ಹಂಚು ಬರಿದೇ ಕಾಯುತ್ತಿತ್ತು. ಭಾಗ್ಯಜ್ಯೋತಿ ಎದ್ದು ಗ್ಯಾಸು ಸಣ್ಣ ಮಾಡಿ ಬಂದು ಅತ್ತೆಯ ಎದುರು ಕೂತಳು.

"ನಾ ಈ ಕೆಲಸಕ್ಕ ಸೇರೂಕಿಂತ ಮೊದಲ ನಮ್ಮ ತವರಮನ್ಯಾಗ ನಮ್ಮಕ್ಕನ ಮಂಚದ ಬುಡಕ ಕೆಂಡಾ ನಾನ ಇಟ್ಟೇನ್ರಿ. ಮುಚ್ಚಿದ ಖೋಲ್ಯಾಗ ಕೆಂಡಾ ವಿಷಗಾಳಿ ಬಿಡ್ತೈತಂತ ಟ್ರೇನಿಂಗದಾಗ ಹೇಳಿದಮ್ಯಾಲೆ ಗೊತ್ತಾತು. ನೀವು ಬೇಕಂತ ಮಾಡಿದ್ದಲ್ಲ. ಆದ್ರ ಈ ಸಲ ಗೊತ್ತೈತಿ. ಗೊತ್ತಿದ್ದೂ ಅವಸರ ಮಾಡಬಾರದು."

ಸಾವಂತ್ರವ್ವ ತಾಟನ್ನು ಹತ್ತಿರ ಎಳೆದುಕೊಂಡಳು. ತಣ್ಣಗಾದ ರೊಟ್ಟಿಯನ್ನೇ ಮುರಿದುಕೊಂಡು ತಿಂದಳು.

ಹಗ್ಗ ಬಂತು. ಗುರಪ್ಪ ಅದನ್ನು ಅಂಗಿಗೆ ಕಾಲರು ಕೂಡಿಸುವಷ್ಟು ಜೋಪಾನವಾಗಿ, ಎಲ್ಲೂ ಸುಕ್ಕು ಬೀಳದಂತೆ, ಬಾಗಿಲ ಸುತ್ತ ಅಂಟಿಸಿದ. ಭಾಗ್ಯಜ್ಯೋತಿ ತನ್ನ ದುಡ್ಡಿನಲ್ಲಿ, ವಿಷಗಾಳಿ ಬಂದರೆ ಕೂಗುವ ಅಂಗೈಯಗಲದ ಡಬ್ಬಿಯೊಂದನ್ನು ಕೊರಿಯರಿನಲ್ಲಿ ತರಿಸಿ ಗೋಡೆಗೆ ಹಾಕಿದಳು. ಕರೆಂಟು ಹೋದರೆ ಫ್ಯಾನು ನಿಂತು ಹೊಗೆ ತಿರುಗಿ ಬರಬಾರದೆಂದು ಪ್ರೇಮಕುಮಾರ ಗಾಡಿಯ ಹಳೆಯ ಬ್ಯಾಟರಿಯೊಂದನ್ನು ಜೋಡಿಸಿದ. ಬೇಕೆಂದೇ ಮೇನ್ ಸ್ವಿಚ್ಚು ತೆಗೆದು ನೋಡಿದರು. ಮೊದಲ ಸಲ ಫ್ಯಾನು ನಿಂತೇಬಿಟ್ಟಿತು, ಡಬ್ಬಿ ಚೀರಿತು. ತಂತಿ ಬದಲಿಸಿ ಮತ್ತೆ ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು. ಕಿಟಕಿಯ ಮೇಲಿನ ಗವಾಕ್ಷಿಯನ್ನು ಮಾತ್ರ ಎಂದೂ ಮುಚ್ಚಬಾರದೆಂದು ಭಾಗ್ಯಜ್ಯೋತಿ ಹೇಳಿದಳು. ಸಾವಂತ್ರವ್ವ ತಲೆಯಾಡಿಸಿದಳು.

"ಇನ್ನ ಮೂರ ದಿನಾ ನಾನ ಆ ಖೋಲ್ಯಾಗ ಇರ್ತೇನಿ," ಎಂದಳು. "ನನಗ ಏನೂ ಆಗಲಿಲ್ಲಂದ್ರ ಬೀಗತಿಗೆ ನೀನ ಹೇಳು."

ಡಿಸೆಂಬರಿನ ಮೊದಲ ವಾರ. ಅವಳು ಬೆಳಗಾದರೆ ಬಟ್ಟಲು ಕೆರೆದು, ತೂತುಗಳನ್ನು ಸೂಜಿಯಿಂದ ಬಿಡಿಸಿ, ಬೂದಿಯನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ಪೆಲೆಟ್ ಚೀಲವನ್ನು ಜೋಳದ ಚೀಲದ ಪಕ್ಕ, ಹಲಗೆಯ ಮೇಲೆ ಇಟ್ಟಿದ್ದಳು. ಕೋಣೆಗೆ ಸುಣ್ಣ ಬಳಿದಿದ್ದಾಯಿತು. ಮಂಚಕ್ಕೆ ಹೊಸ ಕೌದಿ ಬಂತು. ಗುರಪ್ಪ ಹಳೆಯ ಧೋತರದಿಂದ ಹನ್ನೆರಡು ಕುಂಚಿಗೆ ಹೊಲಿದ. ಎಲ್ಲ ತಯಾರಾದ ಮೇಲೆ ಸಾವಂತ್ರವ್ವ ಬೆಚ್ಚಗಿನ ಕೋಣೆಯಲ್ಲಿ ಖಾಲಿ ಮಂಚದ ಎದುರು ಕೂತು ಅಕ್ಕಿ ಆರಿಸುತ್ತಿದ್ದಳು. ಫೋನು ಬಂದರೆ ಅಲ್ಲಿಂದಲೇ ಮಾತಾಡುತ್ತಿದ್ದಳು.

"ಆಯಿ, ಅದೇನ ಗುಂಯ್ ಅನ್ನಾಕತ್ತೈತಿ?" ಎಂದು ಪ್ರಜ್ಞಾ ಕೇಳಿತು.

"ಒಲಿ. ನಿನ್ನ ತಮ್ಮಗೋ ತಂಗಿಗೋ ತಂದಿದ್ದು. ನೀನೂ ಬರಾಕಿ ಅದಿಯಲ್ಲ, ನೋಡ್ತಿ."

"ನನಗ ಯಾವ ಕಡೆ ಹಾಸ್ತಿ?"

"ನನ್ನ ಮಗ್ಗಲಾಗ."

ಶೆಟ್ಟೆವ್ವ ಒಪ್ಪಿದಳು. ಹದಿನೆಂಟನೆಯ ತಾರೀಖು ಕೋಮಲಳ ಗಂಡ ಸುಭಾಸ ಹೆಂಡತಿಯನ್ನು ಕರೆದುಕೊಂಡು ಬಂದು ಬಿಡುವುದೆಂದು ಗೊತ್ತಾಯಿತು. ಆದರೆ ಹದಿಮೂರರ ಮಧ್ಯಾಹ್ನ ಶೆಟ್ಟೆವ್ವನೇ ಫೋನು ಮಾಡಿದಳು. ನಾಲ್ಕು ವರ್ಷದಲ್ಲಿ ಅವಳು ಈ ಮನೆಗೆ ತಾನಾಗಿ ಫೋನು ಮಾಡಿ ಸಾವಂತ್ರವ್ವನನ್ನು ಕೇಳಿದ್ದು ಅದೇ ಮೊದಲು.

"ತಂಗಿ, ಕೋಮಲ ಹಡದಾಳ. ಗಂಡ ಕೂಸು. ಮೂರ ವಾರ ಮೊದಲ ಬಂದೈತಿ. ಬರೀ ಎರಡೂಕಾಲ ಕಿಲೋ ಐತಿ. ತಾಯಿ ಆರಾಮ ಅದಾಳ. ಆದ್ರ ಡಾಕ್ಟರ ಎಲ್ಲೂ ಒಯ್ಯಬ್ಯಾಡ್ರಿ, ಬೆಚ್ಚಗ ಇಡ್ರಿ ಅಂದಾರ. ಇಂಡಿಗೆ ಕಳಸಾಕ ಆಗೂದಿಲ್ಲ."

"ಹೌದ್ರಿ ಅಕ್ಕಾರ," ಎಂದಳು ಸಾವಂತ್ರವ್ವ. ಫೋನಿಟ್ಟು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಳು.

ಸಂಜೆ ಗುರಪ್ಪ ಪಾನಾ ತಗೊಂಡು ಕೊಳವೆಯ ಬೋಲ್ಟು ಸಡಿಲಿಸುತ್ತಿದ್ದ.

"ಏನ ಮಾಡಾಕತ್ತೀರಿ?"

"ಬಿಚ್ಚಾಕತ್ತೇನಿ. ಕೂಸು ಅಲ್ಲೈತಿ, ಒಲಿ ಇಲ್ಲಿ ಇಟ್ಟಕೊಂಡ ಏನ ಮಾಡೂದು?"

"ಮುಟ್ಟಬ್ಯಾಡ್ರಿ ಅದನ್ನ."

"ಸಾವಂತ್ರಿ..."

"ತಿಂಗಳ ತುಂಬಿದಮ್ಯಾಲೆ ಕಳಸಬಹುದು. ಥಂಡಿ ಇನ್ನೂ ಇರ್ತೈತಿ. ಒಲಿ ಅಲ್ಲಿಗಿ ಹೋತಂದ್ರ ಅಕಿ ಇಲ್ಲಿಗಿ ಯಾತಕ್ಕ ಬರ್ತಾಳು? ಇನ್ನ ಮೂರನೇದ್ದ ಹಡಿಯಾಕಿಲ್ಲ ಅಕಿ. ಇದ ಕಡೀದ್ದು."

ಗುರಪ್ಪ ಪಾನಾ ನೆಲದ ಮೇಲಿಟ್ಟು ಹೊರಗೆ ಹೋದ. ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅತ್ತೆ ತಾನಾಗಿ ಕೇಳಲಿ ಎಂದು ಕಾದಳು. 

"ಅಷ್ಟ ಸಣ್ಣ ಕೂಸಿಗಿ ಥಂಡಿ ಹತ್ತಿದ್ರ ಏನಾಗ್ತೈತಿ?" ಎಂದು ಕಡೆಗೆ ಸಾವಂತ್ರವ್ವ ಕೇಳಿದಳು.

"ಹಾಲ ಕುಡಿಯೂದು ಬಿಡ್ತಾವ್ರಿ. ತಾಯಿ ಎದಿ ಮ್ಯಾಲೆ ಇಟ್ಕೋಬೇಕು. ಖೋಲಿನೂ ಬೆಚ್ಚಗಿದ್ರ ಛಲೋ. ಅವರದು ತಗಡಿನ ಪತ್ರಾಸಿನ ಮನಿ."

ಸಾವಂತ್ರವ್ವ ಸೆರಗು ಸಿಕ್ಕಿಸಿ ನೆಲಕ್ಕೆ ಕೂತಳು. ಬಟ್ಟಲು ತೆಗೆದು ಬೂದಿ ಖಾಲಿ ಮಾಡಿದಳು. "ಪ್ರೇಮ್ಯಾಗ ಫೋನ್ ಮಾಡು," ಎಂದಳು. "ನಾಳೆ ಬಾಡಿಗಿ ಇದ್ರ ಬಿಡು ಅನ್ನು."

ಬೆಳಗಿನ ಆರಕ್ಕೆ ಹೊರಟು ಸಿಂದಗಿ, ತಾಳಿಕೋಟಿ ದಾಟಿ ಮುದ್ದೇಬಿಹಾಳ ಮುಟ್ಟಿದಾಗ ಬಿಸಿಲೇರಿತ್ತು. ಕೋಮಲಳನ್ನು ಆ ದಿನವೇ ಮನೆಗೆ ಕಳಿಸುವವರಿದ್ದರು. ತಂದೆ ಮಗ ಒಲೆ ಕೂಡಿಸಿ, ಕೊಳವೆಯನ್ನು ಹೊರಗೆ ಪತ್ರಾಸಿನ ಮೇಲಕ್ಕೆ ಎತ್ತಿ ಕಟ್ಟಿದರು. ಬ್ಯಾಟರಿ ಜೋಡಿಸಿ, ಭಾಗ್ಯಜ್ಯೋತಿ ಕಳಿಸಿದ ಕೂಗುವ ಡಬ್ಬಿಯನ್ನು ಗೋಡೆಗೆ ಹಾಕಿದರು. ಶೆಟ್ಟೆವ್ವ ಕೈ ಕಟ್ಟಿಕೊಂಡು ನೋಡುತ್ತಿದ್ದಳು. ಸಾವಂತ್ರವ್ವ ಒಲೆ ಹಚ್ಚಿ, ಆರಿಸಿ, ಮತ್ತೆ ಹಚ್ಚಿ ತೋರಿಸಿದಳು.

"ತೂತ ಮುಚ್ಚಿದ್ರ ಉರಿ ಕೆಂಪಗಾಗ್ತೈತ್ರಿ ಅಕ್ಕಾರ. ಬೆಳ್ಳಗಿರಬೇಕು. ಮುಂಜಾನೆ ತಣ್ಣಗಾದಮ್ಯಾಲೆ ಸೂಜಿ ಹಾಕ್ರಿ."

"ತಿಳೀತು," ಎಂದಳು ಶೆಟ್ಟೆವ್ವ. ಸೂಜಿ ಇಸಿದುಕೊಂಡು ತಾನೇ ಒಮ್ಮೆ ಮಾಡಿ ನೋಡಿದಳು. ಅವಳ ಕೈ ಚುರುಕಿತ್ತು. ಅದು ಸಾವಂತ್ರವ್ವನಿಗೆ ಅಷ್ಟು ಹಿಡಿಸಲಿಲ್ಲ.

ಮಧ್ಯಾಹ್ನ ಕೋಮಲ ಬಂದಳು. ಬೆಚ್ಚಗಿನ ಕೋಣೆಯಲ್ಲಿ ಮಂಚದ ಮೇಲೆ ಒರಗಿ, ಎದೆಯ ಮೇಲಿನ ಕೂಸನ್ನು ಸೆರಗು ಸರಿಸಿ ತಾಯಿಗೆ ತೋರಿಸಿದಳು. ತಾಯಿ ಒಂದು ಬೆರಳಿನಿಂದ ಅದರ ಅಂಗಾಲು ಮುಟ್ಟಿದಳು. ಬಿಸಿ ಇತ್ತು.

"ಇರ್ತಿ ಹೌದಿಲ್ಲೋ?" ಎಂದಳು ಕೋಮಲ.

ಇರು ಎಂದು ಹೇಳಬೇಕಾದ ಶೆಟ್ಟೆವ್ವ ಅಡುಗೆಮನೆಯಲ್ಲಿದ್ದಳು. ಅಲ್ಲಿಂದ ಆ ಮಾತು ಬರಲಿಲ್ಲ. ಸಾವಂತ್ರವ್ವ ಊಟ ಮುಗಿಸಿ, ಬಿಸಿಲಿಳಿಯುವ ಮೊದಲು ಗಾಡಿ ಹತ್ತಿದಳು. 

ಒಂಬತ್ತು ದಿನ ಬೆಳಗಿನ ಫೋನು ಬರೀ ಕೂಸಿನ ತೂಕದ ಸುದ್ದಿ ತಂದಿತು. ಹತ್ತನೆಯ ದಿನ ಶೆಟ್ಟೆವ್ವನ ದನಿ.

"ತಂಗಿ, ಒಲಿ ಕಟಕಟ ಅಂತೈತಿ, ಗುಳಗಿ ಬೀಳವಲ್ವು."

"ಸ್ಕ್ರೂ ಹಿಡದೈತ್ರಿ. ಚೀಲಾ ನೆಲದ ಮ್ಯಾಲೆ ಇಟ್ಟಿರೇನು?"

"ಇಟ್ಟಿದ್ದೆ. ಸುಭಾಸನ ಕಡೆಂದ ಆಗವಲ್ತು. ನೀ ಬಾ." ಸ್ವಲ್ಪ ತಡೆದು ಶೆಟ್ಟೆವ್ವ ಮುಂದುವರಿದಳು. "ಬರೂಮುಂದ ನಾಕ ದಿನದ ಸೀರಿ ತಗೊಂಡ ಬಾ."

ಸಾವಂತ್ರವ್ವ ಮೊದಲ ಬಸ್ಸು ಹಿಡಿದಳು. ಹೋದವಳೇ ಒಲೆಯ ಪೆಲೆಟ್ ಡಬ್ಬಿ ಖಾಲಿ ಮಾಡಿ, ಸ್ಕ್ರೂವಿನಲ್ಲಿ ಹಸಿಯಾಗಿ ಮೆತ್ತಿಕೊಂಡಿದ್ದ ಪುಡಿಯನ್ನು ಚೂರಿಯಿಂದ ಕೆತ್ತಿ ಕೆತ್ತಿ ತೆಗೆದಳು. ಶೆಟ್ಟೆವ್ವ ಪಕ್ಕದಲ್ಲಿ ಕೂತು, ಕೆತ್ತಿದ ಪುಡಿಯನ್ನು ಮೊರಕ್ಕೆ ತುಂಬುತ್ತಿದ್ದಳು.

"ಸುಭಾಸ ಹುಟ್ಟಿದಾಗ ನಾನೂ ಕೆಂಡಾ ಇಟಗೊಂಡಿದ್ದೆ," ಎಂದಳು ತಲೆಯೆತ್ತದೆ. "ನಲವತ್ತ ದಿನಾ. ಕದಾ ಕಿಡಕಿ ಎಲ್ಲಾ ಮುಚ್ಚಿ. ಏನೂ ಆಗಲಿಲ್ಲ. ಆಗಬಹುದಿತ್ತು."

ಸಾವಂತ್ರವ್ವ ಚೂರಿ ಕೆಳಗಿಟ್ಟಳು. "ಮತ್ತ ನಾಕ ವರ್ಸ ಯಾಕ ಕಳಸಲಿಲ್ರಿ ಅಕ್ಕಾರ?"

"ಅಂಜಿಕಿ. ಆ ದವಾಖಾನ್ಯಾಗ ಕೂಸಿನ ಮಾರಿ ನೋಡೇನಲ್ಲ, ಅದು ಕಣ್ಣ ಮುಂದಿಂದ ಹೋಗಲಿಲ್ಲ. ಮೊದಲನೇ ವರ್ಸ ಸಿಟ್ಟಿತ್ತು. ಆಮ್ಯಾಲೆ ಸಿಟ್ಟ ಹೋತು. ಕಳಸಬೇಕಂದ್ರ ಪ್ರಜ್ಞಾನ್ನ ಬಿಟ್ಟ ನನಗ ಇರಾಕ ಆಗಲಿಲ್ಲ."

ಸಾವಂತ್ರವ್ವ ಉಳಿದ ಪುಡಿ ಕೆತ್ತಿ ತೆಗೆದು ಸ್ವಿಚ್ಚು ಹಾಕಿದಳು. ಸ್ಕ್ರೂ ತಿರುಗಿತು. ಒಂದು ಪೆಲೆಟ್ ಬಟ್ಟಲಿಗೆ ಟಣ್ಣೆಂದು ಬಿತ್ತು, ಅದರ ಹಿಂದೆ ಇನ್ನೊಂದು.

ನಾಲ್ಕು ದಿನ ಸಾವಂತ್ರವ್ವ ಮಗಳಿಗೆ ಎಣ್ಣೆ ಹಚ್ಚಿ ಎರೆದಳು. ಅಳವಿ ಕಾಳಿನ ಪಾಯಸ ಮಾಡಿ ಕೊಟ್ಟಳು. ಮೊದಲ ದಿನ ತನ್ನ 'ಅಮ್ಮ' ಶೆಟ್ಟೆವ್ವನ ಸೀರೆಯ ಹಿಂದೆ ಅಡಗಿದ್ದ ಪ್ರಜ್ಞಾ, ಮೂರನೆಯ ದಿನ ಸಾವಂತ್ರವ್ವನ ತೊಡೆಯ ಮೇಲೆ ಕೂತು, ಬೆಲ್ಲ ಹಚ್ಚಿದ ರೊಟ್ಟಿ ಇಡಿಯದನ್ನು ತಿಂದಿತು. ಐದನೆಯ ದಿನ ಬಸ್ ಸ್ಟ್ಯಾಂಡಿಗೆ ಸುಭಾಸನ ಜೊತೆ ಬಂದು, ಬಸ್ಸು ಹೊರಡುವಾಗ ತಾನೂ ಹತ್ತುತ್ತೇನೆಂದು ರಂಪ ಮಾಡಿತು. ಸುಭಾಸ ಅದನ್ನು ಎತ್ತಿಕೊಂಡು ಹಿಂದೆ ಸರಿದ. ಸಾವಂತ್ರವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಸ್ಸು ತಿರುಗುವ ತನಕ ನೋಡಿದಳು.

ಸಿಂದಗಿಯಲ್ಲಿ ಇಳಿದು ಇಂಡಿಯ ಬಸ್ಸು ಹತ್ತಿ ಕೂತಾಗ ಫೋನು ಬಂತು.

"ಆಯಿ, ಎಲ್ಲಿದ್ದಿ?"

"ಸಿಂದಗ್ಯಾಗ ಅದೇನವಾ."

"ವಾಪಸ್ ಯಾವಾಗ ಬರ್ತಿ?"

"ನೀನ ಬಾರಲ್ಲ ಇಂಡಿಗೆ. ನಿನ್ನ ಅವ್ವನ ಮನಿ ಅದು."

ಆ ಕಡೆ ಪ್ರಜ್ಞಾ ಯೋಚಿಸಿತು. "ತಡಿ, ಅಮ್ಮನ್ನ ಕೇಳ್ತೇನಿ," ಎಂದಿತು. ಫೋನು ಹಿಡಿದುಕೊಂಡೇ ಓಡಿತು. ಪುಟ್ಟ ಹೆಜ್ಜೆಯ ಸಪ್ಪಳ, ಪಾತ್ರೆಗಳ ಸಪ್ಪಳ, "ಅಮ್ಮಾ, ಅಮ್ಮಾ" ಎಂಬ ಕೂಗು ಕೇಳಿಸಿದವು. ಕಂಡಕ್ಟರ್ ಟಿಕೆಟ್ ಟಿಕೆಟ್ ಎನ್ನುತ್ತ ಬಂದು ಎದುರು ನಿಂತ. ಬಸ್ಸು ಸ್ಟ್ಯಾಂಡು ಬಿಟ್ಟು ಇಂಡಿ ರಸ್ತೆಗೆ ಹೊರಳಿತು. ಸಾವಂತ್ರವ್ವ ಅವನಿಗೆ ಒಂದು ನಿಮಿಷ ತಡೆ ಎಂದು ಕೈಸನ್ನೆ ಮಾಡಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.